ಅಗಸಿಯಲ್ಲಿ ಬರೆದ ಒಂದು ಸಾಲು

ಅಕ್ಕೋರ ಬಲಗೈಯ ತೋರುಬೆರಳಿನ ತುದಿ ಸುಟ್ಟು ಸುಟ್ಟು ನುಣ್ಣಗಾಗಿತ್ತು. ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಅವರು ಚಿಮಟದ ಗೊಡವೆಯಿಲ್ಲದೆ ಅದೇ ಬೆರಳಿನಿಂದ ಎತ್ತಿ ತಿರುವಿಹಾಕುತ್ತಿದ್ದರು. ಕುರ್ಲಾದಲ್ಲಿ ಬೆಳಗಿನ ಲೋಕಲ್ ಹಿಡಿಯುವ ಮೊದಲು ಅದು ಅವರ ನಿತ್ಯದ ಕೆಲಸ. ನಮ್ಮ ಆಫೀಸಿಗೆ ಬೆರಳಿಟ್ಟು ಹಾಜರಿ ಹಾಕುವ ಯಂತ್ರ ಬಂದಾಗ ಅದಕ್ಕೆ ಎಲ್ಲರ ಬೆರಳೂ ತಿಳಿಯಿತು, ಅಕ್ಕೋರದು ಮಾತ್ರ ತಿಳಿಯಲಿಲ್ಲ. ಒರೆಸಿ ಇಟ್ಟರು, ಒದ್ದೆ ಮಾಡಿ ಇಟ್ಟರು, ಊಹೂಂ. "ಇದಕ್ಕ ನಾ ಯಾರಂತ ಗೊತ್ತಾಗವಲ್ದು ತಂಗಿ. ಸೇಠಗ ಗೊತ್ತದ, ಸಾಕು ಬಿಡು," ಎಂದು ಒಳಗೆ ಹೋದರು. ಕೊನೆಗೆ ಯಂತ್ರ ಅವರ ಎಡಗೈಯ ಕಿರುಬೆರಳನ್ನು ಒಪ್ಪಿಕೊಂಡಿತು.

ಆಫೀಸೆಂದರೆ ಮುಂಬೈಯ ಫೋರ್ಟಿನಲ್ಲಿ ಒಂದು ಹಳೆಯ ಕಟ್ಟಡದ ಮೂರನೇ ಮಹಡಿ. ಕೆಳಗೆ ಉಡುಪಿ ಹೋಟೆಲು. ಮಧ್ಯಾಹ್ನವಾಯಿತೆಂದು ನಮಗೆ ಗಡಿಯಾರ ಹೇಳಬೇಕಾಗಿರಲಿಲ್ಲ, ಮೆಟ್ಟಿಲು ಹತ್ತಿ ಬರುವ ಸಾಂಬಾರಿನ ಘಮ ಹೇಳುತ್ತಿತ್ತು. ನಾವು ಐದಾರು ಜನ ಸಣ್ಣ ಸಣ್ಣ ಸಂಸ್ಥೆಗಳಿಗೆ ಜಾಲತಾಣ ಕಟ್ಟಿಕೊಡುತ್ತಿದ್ದೆವು. ನಾನು ಮುಂಬೈಯಲ್ಲೇ ಹುಟ್ಟಿದವಳು, ಮನೆಯವರು ಕಾರ್ಕಳದ ಕಡೆಯವರು. ಅಕ್ಕೋರು ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದವರು. ಅವರ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎಂದು ಕರೆಯುತ್ತಾರಂತೆ. ಇವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದ ರೀತಿ ನೋಡಿ ನಾನೇ ಆ ಹೆಸರಿಟ್ಟೆ. ಆಮೇಲೆ ಮರಾಠಿ ಹುಡುಗರಿಂದ ಹಿಡಿದು ನಮ್ಮ ಮಾಲೀಕ ಗುಜರಾತಿ ಸೇಠರವರೆಗೆ ಎಲ್ಲರಿಗೂ ಅವರು ಅಕ್ಕೋರೇ.

ನನ್ನ ಕನ್ನಡ ಅವರಿಗೆ ತಮಾಷೆ. "ಎಂತ ಅಕ್ಕೋರೇ?" ಎಂದರೆ, "ಎಂತ ಅಂದ್ರ ಎಂತಾದ್ದು? ಪೂರಾ ಕೇಳು," ಎನ್ನುತ್ತಿದ್ದರು. ಅವರ ಕನ್ನಡ ನನಗೆ ಮೊದಮೊದಲು ಬೈದ ಹಾಗೆ ಕೇಳುತ್ತಿತ್ತು. ಎರಡು ತಿಂಗಳಲ್ಲಿ ಅದರೊಳಗಿನ ಬೆಣ್ಣೆ ಕೈಗೆ ಹತ್ತಿತು.

ಅವರ ಮೊದಲ ಪಾಠ ಇವತ್ತಿಗೂ ನನಗೆ ಅಕ್ಷರಶಃ ನೆನಪಿದೆ. ನೀವು ಫೋನಿನಲ್ಲಿ ಒಂದು ಪುಟ ತೆರೆದಾಗ, ಆ ಪುಟದ ಜೊತೆಗೆ ಕಣ್ಣಿಗೆ ಕಾಣದ ನಾಲ್ಕಾರು ಸಾಲುಗಳೂ ನಮ್ಮ ಕಡೆಯಿಂದ ಬರುತ್ತವೆ. ಇದನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು, ಇದನ್ನು ಬೇರೆಯವರ ಪುಟದೊಳಗೆ ತೋರಿಸಬಹುದೋ ಬಾರದೋ, ಹೀಗೆ ಫೋನಿಗೆ ಹೇಳುವ ಸೂಚನೆಗಳು. ಕಸುಬಿನವರು ಹೆಡರ್ ಎನ್ನುತ್ತಾರೆ, ಅಕ್ಕೋರು ಚೀಟಿ ಎನ್ನುತ್ತಿದ್ದರು. ನಾನು ಬುದ್ಧಿವಂತಿಕೆಯಿಂದ ಒಂದೊಂದು ಪುಟಕ್ಕೂ ಬೇರೆ ಬೇರೆಯಾಗಿ ಚೀಟಿ ಅಂಟಿಸುತ್ತ ಕೂತಿದ್ದೆ. ಅವರು ಹಿಂದೆ ಬಂದು ನಿಂತು ನೋಡಿದರು.

"ಊರಾಗ ಮನಿಮನಿಗೆ ಒಬ್ಬೊಬ್ಬ ಕಾವಲುಗಾರನ್ನ ಇಡ್ತಾರೇನು ತಂಗಿ?"

"ಇಲ್ಲ."

"ಅಗಸಿಗೆ ಒಬ್ಬಾಂವ ಇದ್ರ ಸಾಕು. ಯಾರ ಹೊರಗ ಹೋಗ್ಲಿ, ಅವನ ಮುಂದ ಹಾದ ಹೋಗಬೇಕು. ಅಲ್ಲೇ ಚೀಟಿ ಕೊಡು. ಎಲ್ಲಾರಿಗೂ ಒಂದ."

ಅಗಸಿ ಎಂದರೆ ಅವರ ಕಡೆ ಊರಿನ ಹೆಬ್ಬಾಗಿಲು. ಇಡೀ ತಾಣದ ಎಲ್ಲ ಪುಟಗಳೂ ಹೊರಡುವ ಮುನ್ನ ಹಾದುಹೋಗುವ ಒಂದು ಜಾಗ ನಮ್ಮ ಕಸುಬಿನಲ್ಲೂ ಇದೆ. ಅಲ್ಲಿ ಒಂದು ಸಾಲು ಬರೆದರೆ ಊರಿಗೆಲ್ಲ ಬರೆದಂತೆ. ನಾನು ಬರೆದ ಇಪ್ಪತ್ತು ಸಾಲನ್ನು ಅಳಿಸಿ ಅವರು ಅಗಸಿಯಲ್ಲಿ ಒಂದೇ ಸಾಲು ಬರೆದರು. "ಒಬ್ಬರಿಗೊಂದು ಒಬ್ಬರಿಗೊಂದು ಮಾಡಿದ್ಯೋ, ಯಾರನ್ನೋ ಒಬ್ಬರನ್ನ ಮರೀತಿ," ಎಂದರು.

ಇನ್ನೊಂದು ಪಾಠ ಇದಕ್ಕಿಂತ ಗಟ್ಟಿ. ಇಷ್ಟು ಕಾಲ ಇಟ್ಟುಕೋ ಎಂದು ಫೋನಿಗೆ ಹೇಳುವ ಚೀಟಿ ಇದೆಯಲ್ಲ, ಅದರಲ್ಲಿ ಮೊದಲ ಸಲ ಐದು ನಿಮಿಷ ಎಂದಷ್ಟೇ ಬರೆಯಬೇಕು. ಎಲ್ಲ ಸರಿಯಿದ್ದರೆ ಮಾರನೆಯ ದಿನ ಒಂದು ದಿನಕ್ಕೆ ಏರಿಸಬೇಕು. ಒಂದು ವರ್ಷ ಎಂಬುದು ಎಲ್ಲಕ್ಕಿಂತ ಕೊನೆಗೆ. ಯಾಕೆಂದು ಕೇಳಿದ್ದಕ್ಕೆ ಅವರು ಹೇಳಿದ್ದು: "ಕೊಟ್ಟ ಚೀಟಿ ವಾಪಸ್ ಬರೂದಿಲ್ಲ. ವರ್ಷ ಇಟ್ಕೋ ಅಂತ ಹೇಳಿದ್ರ ಆ ಫೋನು ವರ್ಷದ ತನಕ ನಿನ್ನ ಕಡೆ ಹೊಳ್ಳಿ ಏನೂ ಕೇಳೂದ ಇಲ್ಲ. ಕೇಳದವರಿಗೆ ಏನಂತ ಹೇಳ್ತಿ?"

ಪುಟ ಸಿಗದಿದ್ದಾಗ ಕಾಣಿಸುವ ಮಾತುಗಳನ್ನು ಬರೆಯುವುದರಲ್ಲೂ ಅವರಿಗೊಂದು ಹಟ. ನಾನು ಒಮ್ಮೆ 'ಹೆಸರು ಇಲ್ಲ' ಎಂದು ಬರೆದು ಕೈತೊಳೆದುಕೊಂಡಿದ್ದೆ. ಅಕ್ಕೋರು ಅದನ್ನು ಅಳಿಸಿ, ದಯವಿಟ್ಟು ಕಚೇರಿಯಲ್ಲಿ ವಿಚಾರಿಸಿ ಎಂದೆಲ್ಲ ಉದ್ದ ಮಾಡಿದರು. ಅಷ್ಟುದ್ದ ಯಾರು ಓದುತ್ತಾರೆ ಎಂದು ನಾನು ಗೊಣಗಿದೆ. "ಇಲ್ಲ ಅನ್ನೂದನ್ನ ಯಾರು ಓದ್ತಾರೋ ನಿನಗೇನ ಗೊತ್ತು? ನೆಟ್ಟಗ ಹೇಳಬೇಕು," ಎಂದರು.

ಅಕ್ಕೋರ ಯಜಮಾನರನ್ನು ನಾನು ಕಾಕಾ ಎನ್ನುತ್ತಿದ್ದೆ. ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದ, ಕುಳಿತಲ್ಲೇ ನಗೆ ಹುಟ್ಟಿಸುವ ಮನುಷ್ಯ. ಎರಡೂ ಮೂತ್ರಪಿಂಡ ಕೈಕೊಟ್ಟು, ವಾರಕ್ಕೆ ಮೂರು ಸಲ ದಾದರಿನ ಒಂದು ಟ್ರಸ್ಟಿನ ಡಯಾಲಿಸಿಸ್ ಕೇಂದ್ರಕ್ಕೆ ಹೋಗುತ್ತಿದ್ದರು. ಮಕ್ಕಳಿರಲಿಲ್ಲ. ಕೆಲವು ಸಲ ಚಿಕಿತ್ಸೆಗೆ ಹೋಗುವ ಮುನ್ನ ಫೋರ್ಟಿಗೆ ಬಂದು ಕೆಳಗಿನ ಹೋಟೆಲಿನಲ್ಲಿ ನಮ್ಮ ಜೊತೆ ಕೂರುತ್ತಿದ್ದರು. ಅವರಿಗೆ ನೀರಿನದೇ ಲೆಕ್ಕ, ದಿನಕ್ಕೆ ಇಷ್ಟೇ ಎಂದು. ಚಹಾ ಬಂದರೆ ತಮ್ಮ ಕಪ್ಪಿನಿಂದ ಎರಡು ಗುಟುಕು ಕುಡಿದು ಉಳಿದದ್ದನ್ನು ನನ್ನ ಕಡೆ ಸರಿಸುತ್ತಿದ್ದರು. "ನೀ ಪೂರಾ ಕುಡಿ ತಂಗಿ, ನಾ ನೋಡ್ತೀನಿ," ಎಂದು ನಿಜಕ್ಕೂ ನೋಡುತ್ತ ಕೂರುತ್ತಿದ್ದರು. ನಾನು ಪೂರ್ತಿ ಕುಡಿಯುತ್ತಿದ್ದೆ, ಇಲ್ಲದಿದ್ದರೆ ಅವರಿಗೆ ಬೇಸರ.

ಆ ಕೇಂದ್ರದಲ್ಲಿ ಯಂತ್ರಗಳು ಕಡಿಮೆ, ರೋಗಿಗಳು ಜಾಸ್ತಿ. ಯಾರ ಪಾಳಿ ಯಾವ ದಿನ ಎಂಬುದು ಆಗಾಗ ಬದಲಾಗುತ್ತಿತ್ತು. ಗೋಡೆಯ ಮೇಲಿನ ಹಲಗೆ ನೋಡಲು ಕಲ್ಯಾಣ, ವಸಯಿಯಿಂದ ಜನ ಬಂದು ಹಿಂದಿರುಗುವುದನ್ನು ಕಂಡು ಅಕ್ಕೋರು ಸೇಠರನ್ನು ಒಪ್ಪಿಸಿದರು, ಪುಣ್ಯದ ಕೆಲಸವೆಂದು ನಾವೇ ಒಂದು ತಾಣ ಕಟ್ಟಿಕೊಟ್ಟೆವು. ಪ್ರತಿ ರೋಗಿಗೂ ಅವನದೇ ಒಂದು ಪುಟ: ಹೆಸರು, ಆ ವಾರದ ದಿನಗಳು, ಕುರ್ಚಿಯ ಸಂಖ್ಯೆ. ಫೋನಿನ ಮೊದಲ ಪರದೆಯ ಮೇಲೆ ಅದರ ಗುರುತು ಇಟ್ಟುಕೊಟ್ಟಿದ್ದೆವು, ಒತ್ತಿದರೆ ಸಾಕು. ಮರಾಠಿ, ಹಿಂದಿಯ ಜೊತೆ ಕನ್ನಡದಲ್ಲೂ ಇರಲೇಬೇಕೆಂದು ಅಕ್ಕೋರು ಹಟ ಹಿಡಿದು ಮಾಡಿಸಿದ್ದರು. ಕನ್ನಡದಲ್ಲಿ ಓದುವವರು ಕಾಕಾ ಸೇರಿ ನಾಲ್ಕೈದು ಜನ ಅಷ್ಟೇ.

ಎಡವಟ್ಟಾದದ್ದು ಫೋಟೋಗಳಿಂದ. ಟ್ರಸ್ಟಿನವರು ಪ್ರತಿ ಪುಟದ ತಲೆಯ ಮೇಲೆ ತಮ್ಮ ತೀರಿಹೋದ ದಾನಿಗಳ ದೊಡ್ಡ ದೊಡ್ಡ ಫೋಟೋ ಹಾಕಿಸಿದ್ದರು, ಬೇಡವೆಂದರೂ ಕೇಳಲಿಲ್ಲ. ಒಂದಕ್ಕೊಂದು ಅಂಟಿದ ಚಾಳಿನ ಮನೆಗಳ ಒಳಗೆ ನೆಟ್‌ವರ್ಕ್ ಸಿಗುವುದೇ ಕಷ್ಟ, ಅದರಲ್ಲಿ ಈ ಫೋಟೋಗಳು ಬಂದು ಮುಗಿಯುವಷ್ಟರಲ್ಲಿ ಸಾಕಾಗುತ್ತಿತ್ತು. ಕಾಕಾ ಗೊಣಗಿದರು, "ಸತ್ತವರ ಮಾರಿ ನೋಡೂದ್ರಾಗ ನನ್ನ ಪಾಳಿ ಮುಗದಿರ್ತದ."

ಅಕ್ಕೋರಿಗೆ ಅದು ನಾಟಿತು. ಫೋಟೋಗಳನ್ನು ಒಂದು ಸಲ ತಂದ ಮೇಲೆ ಫೋನು ಅಲ್ಲೇ ಇಟ್ಟುಕೊಳ್ಳಲಿ ಎಂದು ಒಂದು ಚೀಟಿ ಬರೆದರು. ಎಂದಿನಂತೆ ಅಗಸಿಯಲ್ಲೇ ಬರೆದರು. ಐದು ನಿಮಿಷದಿಂದ ಶುರುಮಾಡುವ ತಮ್ಮ ನಿಯಮವನ್ನು ಅಂದು ಬಿಟ್ಟರು, ಯಾಕೆಂದರೆ ತೀರಿಹೋದವರ ಮುಖ ಬದಲಾಗುವುದಿಲ್ಲವಲ್ಲ. ನೇರವಾಗಿ ಒಂದು ವರ್ಷ ಎಂದರು. ಇದು ಫೋಟೋಗಳಿಗೆ ಮಾತ್ರ ಎಂಬ ಷರತ್ತನ್ನು ಮೇಲೆ ಸೇರಿಸುವುದಿತ್ತು. ಅಷ್ಟರಲ್ಲಿ ಕಾಲಿನ ಸ್ನಾಯು ಹಿಡಿದುಕೊಂಡಿದೆ ಎಂದು ಕಾಕಾನ ಫೋನು ಬಂತು. ಅಕ್ಕೋರು ಬರೆದಷ್ಟನ್ನು ತಾಣಕ್ಕೆ ಏರಿಸಿ, ತಮ್ಮ ಕಂಪ್ಯೂಟರಿನಲ್ಲಿ ಒಂದು ಸಲ ತೆರೆದು ನೋಡಿ ಕುರ್ಲಾಕ್ಕೆ ಓಡಿದರು. ಅವರ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿಯೇ ಕಂಡಿತು. ಕಾಣದೇ ಏನು? ಈ ಕಸುಬಿನವರೆಲ್ಲ ನಮ್ಮ ಯಂತ್ರಗಳನ್ನು ಯಾವುದನ್ನೂ ಇಟ್ಟುಕೊಳ್ಳದೆ ಪ್ರತಿಸಲವೂ ಹೊಸದನ್ನೇ ಕೇಳುವ ಹಾಗೆ ಮಾಡಿಟ್ಟಿರುತ್ತೇವೆ. ಜಗತ್ತಿನ ಫೋನುಗಳೆಲ್ಲ ನಂಬುವ ಚೀಟಿಯನ್ನು ನಂಬದಿರುವುದು ನಮ್ಮದೊಂದೇ. ನಾನು ಆ ದಿನ ಅಂಧೇರಿಯಲ್ಲಿ ಬೇರೊಂದು ಕೆಲಸದ ಮೇಲಿದ್ದೆ.

ಅದು ಶುಕ್ರವಾರ. ಶನಿವಾರ ರಾತ್ರಿ, ಆ ದಿನದ ಪಾಳಿಗಳು ಮುಗಿದ ಮೇಲೆ, ಕೇಂದ್ರದ ನೀರು ಶುದ್ಧಿಮಾಡುವ ಘಟಕ ಕೆಟ್ಟು, ದುರಸ್ತಿಗೆಂದು ಎಲ್ಲರ ಪಾಳಿಯನ್ನೂ ಅದಲು ಬದಲು ಮಾಡಿದರು. ತಾಣದಲ್ಲಿ ಹೊಸ ದಿನಗಳು ಬಂದವು. ಆದರೆ ನಡುವೆ ಒಮ್ಮೆ ಪುಟ ತೆರೆದಿದ್ದವರ ಫೋನುಗಳು ಹಳೆಯದನ್ನೇ ವರ್ಷದ ಮಟ್ಟಿಗೆ ಎತ್ತಿಟ್ಟುಕೊಂಡಿದ್ದವು. ಹೊಸದೇನಾದರೂ ಉಂಟಾ ಎಂದು ಅವು ಕೇಳಲೇ ಇಲ್ಲ.

ಸೋಮವಾರ ಬೆಳಿಗ್ಗೆ ಕೇಂದ್ರದಿಂದ ಫೋನು ಬಂತು. ಕುರ್ಚಿಗಳು ಖಾಲಿ, ಬರಬೇಕಾದವರು ಬಂದಿಲ್ಲ, ಬರಬೇಕಿಲ್ಲದವರು ಬಂದು ಕೂತಿದ್ದಾರೆ. ಅಕ್ಕೋರು ಪರದೆಯ ಮುಂದೆ ಕೂತರು. ಕಾರಣ ತಿಳಿಯಲು ಅವರಿಗೆ ಒಂದು ನೋಟ ಸಾಕಾಯಿತು. ಸಾಲನ್ನು ತೆಗೆದರು, ಆಮೇಲೆ ಕೈಕಟ್ಟಿ ಕೂತುಬಿಟ್ಟರು.

"ತೆಗೆದಿರಲ್ಲ ಅಕ್ಕೋರೇ, ಸರಿಯಾಯಿತಲ್ಲ?" ಎಂದೆ, ಉತ್ತರ ಗೊತ್ತಿದ್ದೂ.

"ಇನ್ನ ಮುಂದ ಬರೂವ್ರಿಗೆ ಸರಿ ಆತು," ಎಂದರು. "ಒಯ್ದವರು ಒಯ್ದರು."

ಮದ್ದು ಇತ್ತು, ಅದೂ ಎಷ್ಟು ಸಣ್ಣದು! ಪುಟ ತೆರೆದು, ಬೆರಳಿಟ್ಟು ಒಂದು ಸಲ ಕೆಳಕ್ಕೆ ಎಳೆದರೆ ಫೋನು ಹೊಸದಾಗಿ ಕೇಳುತ್ತದೆ, ಹೊಸ ಚೀಟಿ ಬರುತ್ತದೆ, ಪೀಡೆ ಕಳೆಯುತ್ತದೆ. ಒಂದೇ ಎಳೆತ. ಆದರೆ ಆ ಎಳೆತವನ್ನು ನಾವು ಇಲ್ಲಿಂದ ಎಳೆಯುವಂತಿಲ್ಲ. ಕೇಂದ್ರದ ಗುಮಾಸ್ತೆ ಒಬ್ಬೊಬ್ಬರಿಗೂ ಫೋನು ಮಾಡಿ ಆ ವಾರದ ದಿನ ಹೇಳಿದಳು. ಎಳೆಯುವುದನ್ನು ವಿವರಿಸಲು ಹೋದರೆ ಕೆಲವರಿಗೆ ತಿಳಿಯಿತು, ಹಲವರು ಎಲ್ಲೋ ಒತ್ತಿ ಫೋನನ್ನೇ ಕಟ್ ಮಾಡಿದರು. ನಾನು ಅದೇ ಪುಟಗಳಿಗೆ ಇನ್ನೊಂದು ಹೊಸ ವಿಳಾಸ ಕೊಟ್ಟು ಎಲ್ಲರಿಗೂ ಸಂದೇಶ ಕಳಿಸಿದೆ. ಅದನ್ನು ಓದಿದವರೂ ಮಾರನೆಯ ದಿನ ಅಭ್ಯಾಸಬಲದಿಂದ ಹಳೆಯ ಗುರುತನ್ನೇ ಒತ್ತಿದರು.

"ಹೇಳಿದ್ದು ಮರೀತಾರ, ಫೋನ್ ತೋರಿಸಿದ್ದು ನಂಬ್ತಾರ," ಎಂದರು ಅಕ್ಕೋರು. "ಬಾ, ಹೋಗೂಣು."

ಹೋದೆವು. ಸೋಮವಾರ ಮಧ್ಯಾಹ್ನದಿಂದ ಬುಧವಾರದವರೆಗೆ ನಾವಿಬ್ಬರೂ ಮಳೆಯಲ್ಲಿ ಲೋಕಲ್ ಹತ್ತಿ ಇಳಿದು ಮನೆ ಮನೆ ಸುತ್ತಿದೆವು. ಊರಿಗೆಲ್ಲ ಅಗಸಿಯಲ್ಲಿ ಒಂದೇ ಸಾಲು ಬರೆಯುತ್ತಿದ್ದವರು ಈಗ ಬಾಗಿಲು ಬಾಗಿಲಿಗೆ ನಿಂತು ಅದನ್ನು ಅಳಿಸಬೇಕಾಯಿತು. ಎಲ್ಲಿ ಹೋದರೂ ಅಕ್ಕೋರು ಮೊದಲು ಹೇಳುತ್ತಿದ್ದುದು, ತಪ್ಪು ನನ್ನದು ಎಂದು. ಜನ ಅದನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ, ಒಳಗೆ ಕರೆದು ಚಹಾ ಕೊಡುತ್ತಿದ್ದರು. ಘಾಟ್ಕೋಪರಿನಲ್ಲಿ ಒಬ್ಬ ಅಜ್ಜಿ ಫೋನನ್ನು ಅಕ್ಕೋರ ಕೈಗೇ ಕೊಟ್ಟು, ತೂಚ್ ಕರ ಬಾಯಿ, ನೀನೇ ಮಾಡು ಎಂದಳು. ಅಕ್ಕೋರು ಒಪ್ಪಲಿಲ್ಲ. "ಆಜಿ, ಬೋಟ ಠೇವಾ. ಖಾಲೀ ಓಢಾ," ಬೆರಳಿಟ್ಟು ಕೆಳಗೆಳೆಯಿರಿ ಎಂದು ಹೇಳಿ ಅವಳ ಬೆರಳನ್ನು ತಮ್ಮ ಆ ನುಣುಪಾದ ಬೆರಳಿನಿಂದ ಹಿಡಿದು ಕೆಳಕ್ಕೆ ಎಳೆಸಿದರು. ಬಿಳಿಯ ಚಕ್ರ ತಿರುಗಿ ಹೊಸ ದಿನ ಬಂದಾಗ ಅಜ್ಜಿ ಚಿಕ್ಕ ಮಗುವಿನ ಹಾಗೆ ನಕ್ಕಳು. ಅಕ್ಕೋರು ನಗಲಿಲ್ಲ.

ಬುಧವಾರ ಬೆಳಿಗ್ಗೆ ನಾವು ಡೊಂಬಿವಲಿಯಲ್ಲಿ ಒಬ್ಬರ ಮನೆಯಿಂದ ಹೊರಬೀಳುತ್ತಿದ್ದೆವು. ಕುರ್ಲಾದಿಂದ ಪಕ್ಕದ ಮನೆಯವರ ಫೋನು ಬಂತು. ಕಾಕಾನಿಗೆ ಉಸಿರಾಡಲು ಆಗುತ್ತಿಲ್ಲ, ಮುಖ ಊದಿಕೊಂಡಿದೆ, ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾರೆ.

ಸಿಕ್ಕಿದ ಲೋಕಲ್ ಹತ್ತಿದೆವು. ಅದು ದಿವಾ ನಿಲ್ದಾಣ ದಾಟಿದ್ದೇ ನಿಂತಿತು. ಹಳಿಯ ಮೇಲೆ ನೀರೋ, ಸಿಗ್ನಲ್ ಕೆಟ್ಟಿತ್ತೋ, ಯಾರಿಗೂ ತಿಳಿಯದು. ಬೋಗಿಯಲ್ಲಿ ಹೆಂಗಸರು ಬೆಳ್ಳುಳ್ಳಿ ಸುಲಿಯುತ್ತಿದ್ದರು, ಒಬ್ಬಳು ಕಿವಿಯೋಲೆ ಮಾರುತ್ತಿದ್ದಳು. ಅಕ್ಕೋರು ಬಾಗಿಲ ಕಂಬ ಹಿಡಿದು ನಿಂತಿದ್ದರು. ಕಾಕಾನ ಪಾಳಿ ನಿನ್ನೆ ಮಂಗಳವಾರವಾಗಿತ್ತಲ್ಲ, ಚಿಕಿತ್ಸೆಯಾಗಿ ಒಂದೇ ದಿನಕ್ಕೆ ಹೀಗೇಕೆ ಎಂದು ನಾನು ಕೇಳಿದೆ. ಕೇಳಬಾರದಿತ್ತೇನೋ. ಅವರು ನನ್ನ ಕಡೆ ತಿರುಗಿದರು. ಆ ಕ್ಷಣದಲ್ಲೇ ಅವರಿಗೆ ಹೊಳೆಯಿತು, ನಾನು ಅದನ್ನು ಕಣ್ಣಾರೆ ನೋಡಿದೆ.

"ರವಿವಾರ ಕೇಳಿದ್ದೆ," ಎಂದರು. "ನಿಮ್ಮ ಪಾಳಿ ಯಾವಾಗ ಅಂತ. ಫೋನ್ ನೋಡಿ ಹೇಳಿದ್ರು, ಮಂಗಳವಾರ ಅದ ಅಂತ." ಹೊರಗಿನ ಮಳೆಯ ಕಡೆ ತಿರುಗಿದರು. "ಅವರ ಫೋನ್ ನಾ ನೋಡ್ಲೇ ಇಲ್ಲ ತಂಗಿ."

ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ. ಗಾದೆ ಹೇಳುವುದು ಸುಲಭ, ಎದುರಿಗೆ ಆ ದೀಪವೇ ನಿಂತಿದ್ದರೆ ಬಾಯಿ ಬರುವುದಿಲ್ಲ. ಕಾಕಾನ ಹೊಸ ಪಾಳಿ ಸೋಮವಾರ ಸಂಜೆಗಿತ್ತು. ಅವರು ಬಾರದಿದ್ದಾಗ ಗುಮಾಸ್ತೆ ಫೋನು ಮಾಡಲಿಲ್ಲ. ಮೇಡಂ ಬೆಳಿಗ್ಗೆ ನಮ್ಮ ಜೊತೆಯಲ್ಲೇ ಮಾತಾಡಿದ್ದರಲ್ಲ, ಅವರ ಮನೆಯವರ ಪಾಳಿ ಅವರಿಗೆ ತಿಳಿಯದೇ ಎಂದುಕೊಂಡಳಂತೆ. ಮಂಗಳವಾರ ಕಾಕಾ ದಾದರಿಗೆ ಹೋದಾಗ ಕುರ್ಚಿ ಇರಲಿಲ್ಲ, ನಾಳೆ ಸಂಜೆ ಬನ್ನಿ ಎಂದರು. ಅವರು ಸುಮ್ಮನೆ ಮನೆಗೆ ಬಂದು ಮಲಗಿದರು. ಅಕ್ಕೋರಿಗೆ ಹೇಳಲಿಲ್ಲ. ನೀರು ಎದೆಗೇರುತ್ತ ಹೋಯಿತು.

ಇವೆಲ್ಲ ನಮಗೆ ಆಮೇಲೆ ತಿಳಿದದ್ದು. ಆಗ ತಿಳಿದಿದ್ದುದು ರೈಲು ನಿಂತಿದೆ ಎಂಬುದೊಂದೇ. ಫೋನು ಮಾಡಿದರೆ ಅತ್ತ ಯಾರೂ ಎತ್ತುತ್ತಿರಲಿಲ್ಲ. ನನಗೆ ವಿಪರೀತ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಇಳಿದು ಹಳಿಯ ಮೇಲೆ ನಡೆಯೋಣ ಎಂದೆ. ಅಕ್ಕೋರು ಹೊರಗೆ ಬಗ್ಗಿ ನೋಡಿದರು. ಮುಂದೆ ಕಡಲು ಒಳನುಗ್ಗಿದ ಖಾಡಿಯ ನೀರು, ಮೇಲೆ ಮಳೆ. "ಎಲ್ಲಿಗಂತ ನಡೀತಿ?" ಎಂದು ತಿರುಗಿ ಬಂದು ನಿಂತರು. ಅವರ ಬಲಗೈಯ ಬೆರಳು ಕಂಬದ ಮೇಲೆ ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ ಎಳೆಯುತ್ತಲೇ ಇತ್ತು. ಅದು ಅವರ ಅರಿವಿಗೇ ಇರಲಿಲ್ಲ.

ಕಾಕಾ ಆ ಸಲ ಉಳಿದರು. ತೀವ್ರ ನಿಗಾ ಘಟಕದಿಂದ ಹೊರಬಂದ ದಿನ ನಾನು ನೋಡಲು ಹೋದೆ. ಅಕ್ಕೋರು ಹಾಸಿಗೆಯ ಪಕ್ಕ ಕೂತು ಅವರ ಫೋನನ್ನು ಕೈಗೆತ್ತಿಕೊಂಡರು. ಎಳೆಯಲು ಬೆರಳಿಟ್ಟಿದ್ದರಷ್ಟೇ, ಕಾಕಾ ಕಿತ್ತುಕೊಂಡರು.

"ಇರ್ಲಿ ಬಿಡು."

"ಯಾಕ ಇರ್ಲಿ? ಸುಳ್ಳು ದಿನ ಅದ ಅದು."

"ಲಗ್ನಾಗಿ ಇಷ್ಟ ವರ್ಷ ಆತು, ನನ್ನ ತಪ್ಪು ಎಣಸಿಕೋತ ಬಂದಿ. ನಿಂದು ಒಂದ ಸಿಕ್ಕದ, ಕಿಸೆದಾಗ ಇಟ್ಕೋತೀನಿ," ಎಂದರು ಕಾಕಾ. ಮೂಗಿನಲ್ಲಿ ನಳಿಕೆ, ಆದರೂ ಕಣ್ಣಲ್ಲಿ ನಗು. "ಊರ ಮಂದಿ ಫೋನ್ ನೆಟ್ಟಗ ಮಾಡ್ಲಿಕ್ಕೆ ಹೊಂಟಿದ್ದಿ, ನಡುವ ನನ್ನ ರಗಳಿ ಎಲ್ಲಿ ಹೇಳ್ಲಿ ಅಂತ ಸುಮ್ಮನಿದ್ದೆ."

ಅಕ್ಕೋರು ಎದ್ದು ಕಿಟಕಿಯ ಕಡೆ ಹೋದರು. ನನಗೆ ಅಳು ಬಂತು, ಮರೆಮಾಡಲಿಲ್ಲ.

ಅಂದಿನಿಂದ ಅಕ್ಕೋರು ಕಾಕಾನ ಪಾಳಿಯ ದಿನಗಳನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯತೊಡಗಿದರು. ಅಗಸಿಯ ಮಾತು ಆಡುವುದನ್ನು ಬಿಟ್ಟರು. ಆಫೀಸಿನಲ್ಲಿ ಯಾವ ಸಾಲನ್ನು ಏರಿಸುವ ಮುಂಚೆಯೂ ನನ್ನನ್ನು ಕರೆದು ತೋರಿಸುತ್ತಿದ್ದರು. ನನಗೆ ಕಲಿಸಿದವರು ನನ್ನೆದುರು ಹಾಗೆ ನಿಲ್ಲುವುದನ್ನು ನೋಡಲಾಗುತ್ತಿರಲಿಲ್ಲ. ಸರಿ ಉಂಟು ಅಕ್ಕೋರೇ, ನೀವೇ ಏರಿಸಿ ಎಂದರೆ, ಇನ್ನೊಮ್ಮೆ ನೋಡು ಎನ್ನುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಕಾಕಾ ತೀರಿಕೊಂಡರು. ಹೃದಯ ನಿಂತಿತು. ಮಳೆಗಾಲದ ಆ ಘಟನೆಗೂ ಇದಕ್ಕೂ ಸಂಬಂಧ ಇಲ್ಲ, ಇಂಥ ರೋಗಿಗಳಲ್ಲಿ ಹೀಗಾಗುವುದುಂಟು ಎಂದು ಡಾಕ್ಟರು ಬಿಡಿಸಿ ಹೇಳಿದರು. ಅಕ್ಕೋರು ತಲೆಯಾಡಿಸಿದರು. ಹೊರಗೆ ಬಂದ ಮೇಲೆ ನನಗೆ ಹೇಳಿದ್ದು ಇಷ್ಟೇ: "ಸಂಬಂಧ ಇಲ್ಲಂತ. ಇರ್ಲಿಕ್ಕಿಲ್ಲ." ಅದನ್ನು ಅವರು ನಂಬಿದರೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ನಂಬಿಸುವ ಶಕ್ತಿ ನನಗಿರಲಿಲ್ಲ. ಯಾರಿಗೆ ಇರುತ್ತದೆ? ಮುಂದಿನ ತಿಂಗಳು ಕೆಲಸ ಬಿಟ್ಟರು. ಸೇಠರು ಕೈಮುಗಿದು ಕೇಳಿಕೊಂಡರೂ ನಿಲ್ಲಲಿಲ್ಲ. ಅವರ ಕುರ್ಚಿಗೆ ನಾನು ಬಂದೆ.

ಮತ್ತೆ ಮಳೆ ಹಿಡಿಯಿತು. ಒಂದು ಮಧ್ಯಾಹ್ನ, ಸಾಂಬಾರಿನ ಘಮ ಮೇಲೇರುವ ಹೊತ್ತಿಗೆ, ಅಕ್ಕೋರು ಬಾಗಿಲಲ್ಲಿ ನಿಂತಿದ್ದರು. ಕೊಡೆಯನ್ನು ಹೊರಗಿಟ್ಟು, ಬಂದು ನನ್ನ ಎದುರಿಗೆ ಕೂತರು. ಮೊದಲು ನಾನು ಕೂರುತ್ತಿದ್ದ ಕುರ್ಚಿ ಅದು. ಚೀಲದಿಂದ ಕಾಕಾನ ಫೋನು ತೆಗೆದು ಮೇಜಿನ ಮೇಲಿಟ್ಟರು.

ಹಳೆಯ ಪುಟ ಹಾಗೆಯೇ ಇತ್ತು. ಜಾಗ ಸಾಲದಿದ್ದರೆ ಫೋನುಗಳು ಇಂಥವನ್ನು ಎಷ್ಟೋ ಮೊದಲೇ ಕಳೆದುಬಿಡುತ್ತವೆ. ಆದರೆ ಅಕ್ಕೋರು ಆ ಫೋನಿನಲ್ಲಿ ಬೇರೆ ಏನನ್ನೂ ತೆರೆದಿರಲಿಲ್ಲ. ಮೇಲೆ ದಾನಿಗಳ ಫೋಟೋ, ಕೆಳಗೆ ಕಾಕಾನ ಹೆಸರು, ನಿಮ್ಮ ಪಾಳಿ: ಮಂಗಳವಾರ, ಗುರುವಾರ, ಶನಿವಾರ. ಕುರ್ಚಿ ನಾಲ್ಕು.

"ನಾಳಿಗೆ ಇದಕ್ಕ ವರ್ಷ ತುಂಬತದ," ಎಂದರು. "ನಾಳಿಗೆ ಒತ್ತಿದ್ರ ತಾನ ಹೋಗಿ ಕೇಳ್ತದ."

ನಾನು ಲೆಕ್ಕ ಹಾಕಬೇಕಾಗಿರಲಿಲ್ಲ, ಅವರು ಹಾಕಿಕೊಂಡೇ ಬಂದಿದ್ದರು. "ಫೋಟೋ ತೆಗೆದು ಇಟ್ಟುಕೊಳ್ಳಿ ಅಕ್ಕೋರೇ," ಎಂದೆ, ಬೇರೇನೂ ತೋಚದೆ.

"ಫೋಟೋ ಗೋಡಿ ಮ್ಯಾಲ ಅದ, ಮಾಲಿ ಹಾಕೀನಿ. ಇದು ಫೋಟೋ ಅಲ್ಲ ತಂಗಿ. ಇದರಾಗ ಅವ್ರು ಇನ್ನಾ ಬರೂವ್ರು ಇದ್ದಾರ."

ಆಗ ನಾನು ಅವರಿಗೆ ಕೊಡಬಹುದಾದ ಒಂದೇ ಒಂದು ವಸ್ತು ನೆನಪಾಯಿತು. ಕೇಂದ್ರದ ತಾಣ ಈಗ ನನ್ನ ಕೈಯಲ್ಲಿದೆ. ಅಗಸಿಯಲ್ಲಿ ಒಂದು ಸಾಲು ಬರೆದರೆ ಸಾಕು: ಈ ಒಂದು ಪುಟ ಕೇಳಿದರೆ ಹಳೆಯದನ್ನೇ ಕೊಡು, ಇನ್ನೂ ಹತ್ತು ವರ್ಷ ಇಟ್ಟುಕೋ ಎಂದು ಹೇಳು. ಯಾರಿಗೂ ಗೊತ್ತಾಗುವುದಿಲ್ಲ, ಯಾರಿಗೂ ನಷ್ಟವಿಲ್ಲ. "ಕಾಕಾನ ಪುಟಕ್ಕೆ ಮಾತ್ರ ನಾನು ಮಾಡಿ ಕೊಡ್ತೇನೆ," ಎಂದು ಕಂಪ್ಯೂಟರಿನ ಕಡೆ ತಿರುಗಿದೆ.

ಅಕ್ಕೋರು ನನ್ನ ಮಣಿಕಟ್ಟು ಹಿಡಿದರು.

"ಬ್ಯಾಡ. ಅಗಸ್ಯಾಗ ಒಬ್ಬರಿಗೊಂದು ಒಬ್ಬರಿಗೊಂದು ಮಾಡಬಾರದು." ಒಂದು ವರ್ಷದಿಂದ ಅಗಸಿ ಎಂಬ ಪದ ಅವರ ಬಾಯಲ್ಲಿ ಬಂದಿರಲಿಲ್ಲ. "ಎಲ್ಲಾರಿಗೂ ಒಂದ."

"ಒಂದು ಸಲ, ಅಕ್ಕೋರೇ. ನಿಮಗೆ ಮಾತ್ರ."

"ನಿನಗ ಕಲಿಸಿದ್ದು ಅದೊಂದ ಉಳದದ. ಅದನ್ನೂ ಕೆಡಿಸಬ್ಯಾಡ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಈಗಲೂ ಯಾವುದೇ ತಾಣಕ್ಕೆ ಮೊದಲ ಸಲ ಚೀಟಿ ಬರೆಯುವಾಗ ಐದು ನಿಮಿಷ ಎಂದೇ ಬರೆಯುತ್ತೇನೆ, ಆಮೇಲೆ ನನ್ನ ಯಂತ್ರ ಬಿಟ್ಟು ಬೇರೆ ಯಾರದ್ದಾದರೂ ಸಾಧಾರಣ ಫೋನು ಕೇಳಿ ತೆರೆದು ನೋಡುತ್ತೇನೆ. ಹುಡುಗರು ನಗುತ್ತಾರೆ. ನಗಲಿ. ಆ ಎಚ್ಚರಕ್ಕೆ ಅಕ್ಕೋರು ತೆತ್ತದ್ದನ್ನು ನಾನು ಯಾವ ಜನ್ಮದಲ್ಲೂ ತೀರಿಸಲಾರೆ. ತೀರಿಸಲು ಕೈಗೆ ಸಿಕ್ಕಿದ್ದ ಒಂದೇ ದಾರಿಯನ್ನೂ ಅಂದು ಅವರೇ ಮುಚ್ಚಿದರು.

"ತಾನಾಗಿ ಹೋಗೂದು ಬ್ಯಾಡ. ನಾನ ಎಳೀತೀನಿ," ಎಂದು ಫೋನನ್ನು ಹತ್ತಿರಕ್ಕೆ ತೆಗೆದುಕೊಂಡರು. ಯಂತ್ರಗಳಿಗೆ ಗುರುತು ಸಿಗದ ಆ ಬೆರಳನ್ನು ಕಾಕಾನ ಹೆಸರಿನ ಮೇಲಿಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದರು, ಆಮೇಲೆ ಕೆಳಕ್ಕೆ ಎಳೆದರು. ನಮ್ಮ ಕಟ್ಟಡದಲ್ಲಿ ಮಳೆ ಬಂದರೆ ನೆಟ್‌ವರ್ಕ್ ಕುಂಟುತ್ತದೆ. ಬಿಳಿಯ ಚಕ್ರ ತಿರುಗುತ್ತಲೇ ಇತ್ತು. ಬರದೇ ಇರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. "ಬರ್ಲಿ, ಗಡಿಬಿಡಿ ಏನಿಲ್ಲ," ಎಂದರು ಅಕ್ಕೋರು.

ಬಂತು. 'ಈ ಹೆಸರು ಈಗ ನಮ್ಮ ಕೇಂದ್ರದಲ್ಲಿ ಇಲ್ಲ. ದಯವಿಟ್ಟು ಕಚೇರಿಯಲ್ಲಿ ವಿಚಾರಿಸಿ.' ಅಕ್ಕೋರೇ ಬರೆದದ್ದು, ಕನ್ನಡದಲ್ಲಿ. ಅವರು ಅದನ್ನು ಎರಡು ಸಲ ಓದಿದರು.

"ದಯವಿಟ್ಟು ಅಂತ ಬರದಿದ್ದೆ ನೋಡು," ಎಂದರು. "ಛಲೋ ಆತು."